ಕಾಣದ ನೋವಿಗೆ ಅಂಗವಿಕಲತೆಯ ಸೌಲಭ್ಯ: ಅರ್ಜಿ ಎಲ್ಲಿ ನಿಲ್ಲುತ್ತದೆ, ಎಲ್ಲಿ ಬೀಳುತ್ತದೆ

ಮೂಳೆ ಮುರಿದರೆ ಎಕ್ಸ್‌ರೇಯಲ್ಲಿ ಕಾಣುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ರಕ್ತ ಪರೀಕ್ಷೆಯಲ್ಲಿ ಸಿಗುತ್ತದೆ. ನೋವು ಎಷ್ಟಿದೆ ಎಂದು ಅಳೆದು ಕೊಡುವ ಪರೀಕ್ಷೆ ಮಾತ್ರ ಯಾವ ಲ್ಯಾಬಿನಲ್ಲೂ ಇಲ್ಲ. ಅನುಭವಿಸುವವರು ಹೇಳಬೇಕು, ಕೇಳುವವರು ನಂಬಬೇಕು. ವರ್ಷಗಟ್ಟಲೆ ಜೊತೆಗಿರುವ ಮನೆಯವರೇ ಒಮ್ಮೊಮ್ಮೆ ಅನುಮಾನದಿಂದ ನೋಡುತ್ತಾರೆ. ಇನ್ನು ಮುಖಪರಿಚಯವೂ ಇಲ್ಲದ ಅಧಿಕಾರಿ ಒಂದು ಫಾರಂ ಓದಿ ಒಪ್ಪಬೇಕು ಎಂದರೆ ಕಷ್ಟವೇ.

ಆದರೂ ದೀರ್ಘಕಾಲದ ನೋವಿರುವ ಎಷ್ಟೋ ಜನರಿಗೆ ಸೌಲಭ್ಯ ಸಿಗುತ್ತದೆ. ಅಷ್ಟೇ ನೋವಿರುವ ಇನ್ನೆಷ್ಟೋ ಜನರಿಗೆ ಸಿಗುವುದಿಲ್ಲ. ಏಕೆಂದರೆ ನೋವಿರುವವರು ಸಹಜವಾಗಿ "ನನಗೆ ಎಷ್ಟು ನೋವಿದೆ" ಎಂದು ಬರೆಯುತ್ತಾರೆ. ಕಚೇರಿ ಕೇಳುತ್ತಿರುವುದೇ ಬೇರೆ: ನೋವಿನಿಂದ ಯಾವ ಕೆಲಸ ಆಗುತ್ತಿಲ್ಲ, ಆಗುವುದಾದರೆ ಎಷ್ಟು ಹೊತ್ತು ಆಗುತ್ತದೆ, ವಾರದಲ್ಲಿ ಎಷ್ಟು ದಿನ ಆಗುತ್ತದೆ, ಮಾಡಿದ ಮೇಲೆ ಏನಾಗುತ್ತದೆ. ಕೇಳಿದ್ದೊಂದು, ಬರೆದದ್ದೊಂದು. ಹೆಚ್ಚಿನ ಅರ್ಜಿಗಳು ಬೀಳುವುದು ಇಲ್ಲೇ.

ವೈದ್ಯರು ಒಪ್ಪಿದ್ದಾರೆ, ಕಾನೂನು ಅರ್ಧ ಒಪ್ಪಿದೆ

ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿಯುವ, ಇಲ್ಲವೇ ಹೋಗಿ ಮತ್ತೆ ಮತ್ತೆ ಬರುವ ನೋವು ದೀರ್ಘಕಾಲದ ನೋವು. ಇದು ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯ ಲೆಕ್ಕ. ಆ ಪಟ್ಟಿಯ ಹೊಸ ಆವೃತ್ತಿ ಐಸಿಡಿ-11. 2019ರಲ್ಲಿ ಒಪ್ಪಿಗೆಯಾಗಿ 2022ರ ಜನವರಿಯಿಂದ ಜಾರಿಗೆ ಬಂತು. ಅದರಲ್ಲಿ ದೀರ್ಘಕಾಲದ ನೋವಿಗೆ ಎಂಜಿ30 ಎಂಬ ಸಂಕೇತ ಇದೆ. ಇದು ಬರೀ ನಂಬರಿನ ಮಾತಲ್ಲ. ನೋವು ಯಾವಾಗಲೂ ಬೇರೊಂದು ಕಾಯಿಲೆಯ ಲಕ್ಷಣ ಆಗಿರಬೇಕಿಲ್ಲ, ಕೆಲವರಲ್ಲಿ ನೋವೇ ಕಾಯಿಲೆ ಎಂದು ಈ ಪಟ್ಟಿ ಒಪ್ಪುತ್ತದೆ. ಮೈಯೆಲ್ಲ ನೋಯುವ ಫೈಬ್ರೊಮಯಾಲ್ಜಿಯಾ ಈ ಗುಂಪಿಗೆ ಸೇರುತ್ತದೆ. ನಿಮ್ಮ ಆಸ್ಪತ್ರೆಯ ಕಾಗದದಲ್ಲಿ "ಮೈಕೈ ನೋವು" ಎಂದಷ್ಟೇ ಇದ್ದರೆ, ಕಾಯಿಲೆಯ ಸರಿಯಾದ ಹೆಸರು ಬರೆದುಕೊಡಲು ಕೇಳಿ.

ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 1979ರಲ್ಲಿ ಕೊಟ್ಟಿದ್ದ ವ್ಯಾಖ್ಯೆಯನ್ನು 2020ರಲ್ಲಿ ತಿದ್ದಿತು. ಜೊತೆಗೆ ಕೊಟ್ಟ ಟಿಪ್ಪಣಿಗಳಲ್ಲಿ ಒಂದು ಹೀಗಿದೆ: ಒಬ್ಬರು ತಮಗೆ ನೋವಿದೆ ಎಂದು ಹೇಳಿದರೆ ಆ ಮಾತನ್ನು ಗೌರವಿಸಬೇಕು. ವೈದ್ಯರ ಕಡೆಯಿಂದ ಇಷ್ಟು ದೂರ ಬಂದಿದ್ದೇವೆ.

ಕಾನೂನು ಅಷ್ಟು ಬೇಗ ಬರುವುದಿಲ್ಲ. ಅಮೆರಿಕದ ನಿಯಮ ನೋಡಿ. ಬರೀ ಅರ್ಜಿದಾರರ ಮಾತಿನ ಮೇಲೆ ಸೌಲಭ್ಯ ಕೊಡುವಂತಿಲ್ಲ. ನೋವು ಹುಟ್ಟಿಸಬಲ್ಲ ಒಂದು ಕಾಯಿಲೆ ಇದೆ ಎಂದು ವೈದ್ಯಕೀಯವಾಗಿ ಗೊತ್ತಾಗಿರಬೇಕು. ಅದಾದ ಮೇಲಷ್ಟೇ ನೋವಿನ ತೀವ್ರತೆಯ ಮಾತು. 2012ರಲ್ಲಿ ಅಲ್ಲಿನ ಸೋಶಿಯಲ್ ಸೆಕ್ಯುರಿಟಿ ಇಲಾಖೆ ಫೈಬ್ರೊಮಯಾಲ್ಜಿಯಾವನ್ನು ಅಂಥ ಕಾಯಿಲೆಯಾಗಿ ಪರಿಗಣಿಸುವುದು ಹೇಗೆ ಎಂದು ನಿಯಮ ಬರೆಯಿತು. 2016ರಲ್ಲಿ ಇನ್ನೊಂದು ನಿಯಮ ಬಂತು. ಅರ್ಜಿದಾರರು ನಂಬಿಕಸ್ಥರೋ ಅಲ್ಲವೋ ಎಂದು ಗುಣ ಅಳೆಯುವುದನ್ನು ಬಿಟ್ಟು, ಅವರು ಹೇಳಿದ್ದು ದಾಖಲೆಗಳಿಗೆ ಹೊಂದುತ್ತದೆಯೇ ಎಂದಷ್ಟೇ ನೋಡಿ ಎಂದು ಅಧಿಕಾರಿಗಳಿಗೆ ಹೇಳಲಾಯಿತು. ಸಣ್ಣ ಬದಲಾವಣೆ ಅನಿಸಬಹುದು. ಆದರೆ ಸುಳ್ಳುಗಾರ ಎಂಬ ಅನುಮಾನ ಹೊತ್ತು ಕಚೇರಿ ಮೆಟ್ಟಿಲು ಹತ್ತಿದವರಿಗೆ ಇದರ ಬೆಲೆ ಗೊತ್ತು.

ಭಾರತದ ದಾರಿ ಬೇರೆ. ಇಲ್ಲಿ ಪಟ್ಟಿ ಮತ್ತು ಶೇಕಡಾವಾರು ಲೆಕ್ಕ. 1995ರ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯಗಳಿದ್ದವು, 2016ರ ಕಾಯ್ದೆಯಲ್ಲಿ 21 ಆದವು. ಮಲ್ಟಿಪಲ್ ಸ್ಕ್ಲೆರೋಸಿಸ್, ಪಾರ್ಕಿನ್ಸನ್, ಸಿಕಲ್ ಸೆಲ್ ಕಾಯಿಲೆ ಎಲ್ಲ ಒಳಗೆ ಬಂದವು. ದೀರ್ಘಕಾಲದ ನೋವು ಎಂಬ ಹೆಸರು ಮಾತ್ರ ಪಟ್ಟಿಯಲ್ಲಿ ಇಲ್ಲ. ಆದ್ದರಿಂದ ಇಲ್ಲಿ ನೋವಿನ ಹಿಂದಿರುವ ಕಾಯಿಲೆ ಅಥವಾ ಚಲನೆಯ ತೊಂದರೆಯ ಮೂಲಕವೇ ಬಾಗಿಲು ತಟ್ಟಬೇಕು. ಮೀಸಲಾತಿಯಂಥ ಮುಖ್ಯ ಸೌಲಭ್ಯಗಳಿಗೆ ಶೇ 40ರಷ್ಟು ಅಂಗವೈಕಲ್ಯ ಇರಬೇಕು. ಆ ಶೇಕಡಾ ಬರುವುದು ಕೀಲು ಎಷ್ಟು ಮಡಚುತ್ತದೆ, ಸ್ನಾಯುವಿನಲ್ಲಿ ಎಷ್ಟು ಬಲವಿದೆ ಎಂಬಂಥ ಅಳತೆಗಳಿಂದ. 2001ರ ಮಾರ್ಗಸೂಚಿಯಲ್ಲಿ ಬೆನ್ನುಮೂಳೆಯ ಭಾಗ ಓದಿದರೆ ಸಿಟ್ಟು ಬರುತ್ತದೆ. ರೋಗಿ ನೋವೆನ್ನುತ್ತಾರೆ, ಆದರೆ ಸ್ನಾಯು ಸೆಳೆತ ಇಲ್ಲ, ಚಿತ್ರದಲ್ಲಿ ದೋಷ ಕಾಣುತ್ತಿಲ್ಲ ಎಂದರೆ ಅಂಗವೈಕಲ್ಯ ಶೇ 0. ಸೆಳೆತ, ಬಿಗಿತ ಇದ್ದು ಎಕ್ಸ್‌ರೇಯಲ್ಲಿ ಸ್ವಲ್ಪ ಬದಲಾವಣೆ ಕಂಡರೆ ಶೇ 20. ಅಂದರೆ ಫಿಲ್ಮಿನಲ್ಲಿ ಕಾಣದ ನೋವಿಗೆ ಲೆಕ್ಕದಲ್ಲಿ ಜಾಗವೇ ಇರಲಿಲ್ಲ.

ಇದರಲ್ಲಿ ಒಂದು ತಮಾಷೆಯೂ ಇದೆ. ಚಿತ್ರ ಅಷ್ಟೊಂದು ನಂಬುವಂಥದ್ದೇನಲ್ಲ. ಬೆನ್ನುನೋವೇ ಇಲ್ಲದ 3,000ಕ್ಕೂ ಹೆಚ್ಚು ಜನರ ಸ್ಕ್ಯಾನ್ ಫಲಿತಾಂಶಗಳನ್ನು ಒಟ್ಟು ಮಾಡಿ ನೋಡಿದ ಒಂದು ಅಧ್ಯಯನ 2015ರಲ್ಲಿ ಪ್ರಕಟವಾಯಿತು. 20ರ ವಯಸ್ಸಿನವರಲ್ಲೇ ಶೇ 37 ಜನರಿಗೆ ಬೆನ್ನಿನ ಡಿಸ್ಕ್ ಸವೆದಿತ್ತು. 80ರ ವಯಸ್ಸಿನವರಲ್ಲಿ ಶೇ 96. ಇಷ್ಟು ಸವೆದಿದ್ದರೂ ಅವರಿಗೆ ನೋವಿಲ್ಲ. ಹಾಗೆಯೇ, ಸ್ಕ್ಯಾನ್ ಶುದ್ಧವಾಗಿದ್ದರೂ ಹಾಸಿಗೆಯಿಂದ ಏಳಲಾಗದವರು ಇದ್ದಾರೆ. ಆದ್ದರಿಂದ ಸ್ಕ್ಯಾನ್ ಚೆನ್ನಾಗಿದೆ ಎಂದು ಅರ್ಜಿ ಹಾಕದೆ ಕೂರಬೇಡಿ. ಸ್ಕ್ಯಾನಿನಲ್ಲಿ ಏನೋ ಕಂಡಿದೆ, ಇನ್ನು ಯೋಚನೆಯಿಲ್ಲ ಎಂದೂ ಕೂರಬೇಡಿ.

ನಿಮ್ಮ ಮುಂದಿರುವ ಫಾರಂ ಯಾವ ಜಾತಿಯದು?

ಅಂಗವಿಕಲತೆಯ ಸೌಲಭ್ಯ ಎಂದು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಒಳಗೆ ಕನಿಷ್ಠ ಮೂರು ಬೇರೆ ಬೇರೆ ವಸ್ತುಗಳಿವೆ.

ಒಂದು, ದುಡಿಯಲು ಆಗದವರಿಗೆ ಕೊಡುವ ಹಣ. ಅಮೆರಿಕದ್ದು ಈ ಬಗೆ. ಅಲ್ಲಿನ ಕಾನೂನಿನ ಪ್ರಶ್ನೆ ಕಠಿಣ: ನಿಮ್ಮ ಹಳೆಯ ಕೆಲಸ ಬಿಡಿ, ಬೇರೆ ಯಾವುದಾದರೂ ಕೆಲಸ ಮಾಡಿ ಸಾಕಷ್ಟು ಗಳಿಸಬಲ್ಲಿರಾ? ಆಗದು ಎಂಬ ಸ್ಥಿತಿ ಕನಿಷ್ಠ 12 ತಿಂಗಳು ಇದ್ದಿರಬೇಕು ಅಥವಾ ಇರುವ ಹಾಗಿರಬೇಕು. ವರ್ಷಗಟ್ಟಲೆ ದುಡಿದು ತೆರಿಗೆ ಕಟ್ಟಿದವರಿಗೆ ಒಂದು ಯೋಜನೆ, ಆದಾಯ ಮತ್ತು ಆಸ್ತಿ ತೀರಾ ಕಡಿಮೆ ಇರುವವರಿಗೆ ಇನ್ನೊಂದು. ಇಲ್ಲಿ ಅಳೆಯುವುದು ದಿನಕ್ಕೆ 8 ಗಂಟೆ, ವಾರಕ್ಕೆ 5 ದಿನ, ನಿಯಮಿತವಾಗಿ ಕೆಲಸಕ್ಕೆ ಬರಲು ಆಗುತ್ತದೆಯೇ ಎಂದು. ಒಂದು ದಿನ ಎರಡು ಗಂಟೆ ಕೂತು ಕೆಲಸ ಮಾಡಿದ್ದು ದೊಡ್ಡ ವಿಷಯವಲ್ಲ. ಮರುದಿನ, ಅದರ ಮರುದಿನ ಮಾಡಲು ಆಯಿತೇ ಎಂಬುದು ವಿಷಯ.

ಎರಡು, ಅಂಗವಿಕಲತೆಯಿಂದ ಬೀಳುವ ಹೆಚ್ಚುವರಿ ಖರ್ಚಿಗೆ ಕೊಡುವ ಹಣ. ಬ್ರಿಟನ್ನಿನಲ್ಲಿ 2013ರಲ್ಲಿ ಶುರುವಾದ ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್, ಚಿಕ್ಕದಾಗಿ ಪಿಪ್, ಈ ಬಗೆಯದು. ನೌಕರಿಯಲ್ಲಿ ಇರುವವರಿಗೂ ಇದು ಸಿಗಬಹುದು. ಇಲ್ಲಿ ಕಾಯಿಲೆಯ ಹೆಸರಿಗೆ ಅಂಕ ಇಲ್ಲ. ಸ್ನಾನ, ಉಡುಪು, ಓಡಾಟದಂಥ ಚಟುವಟಿಕೆಗಳಿಗೆ ಅಂಕ. ದಿನನಿತ್ಯದ ಬದುಕಿಗೆ 10 ಚಟುವಟಿಕೆ, ಓಡಾಟಕ್ಕೆ 2. ಒಂದೊಂದು ಭಾಗದಲ್ಲಿ 8 ಅಂಕ ಬಂದರೆ ಸಾಮಾನ್ಯ ದರ, 12 ಬಂದರೆ ಹೆಚ್ಚಿನ ದರ.

ಮೂರು, ಪ್ರಮಾಣಪತ್ರ. ಭಾರತದ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಹೀಗೆ. ಕಾರ್ಡ್ ತಾನೇ ಹಣ ಕೊಡುವುದಿಲ್ಲ. ಪಿಂಚಣಿ, ಪ್ರಯಾಣದ ರಿಯಾಯಿತಿ, ಮೀಸಲಾತಿಯಂಥ ಬೇರೆ ಬೇರೆ ಸೌಲಭ್ಯಗಳಿಗೆ ಅದು ಕೀಲಿಕೈ. ಪ್ರಶ್ನೆ: ಯಾವ ವರ್ಗ, ಶೇಕಡಾ ಎಷ್ಟು?

ಇವುಗಳ ಜೊತೆಗೆ ಕಂಪನಿಗಳು ನೌಕರರಿಗೆ ಮಾಡಿಸುವ ವಿಮೆ ಬೇರೆ. ಅದರಲ್ಲಿ ಮೊದಲಿಗೆ "ನಿಮ್ಮ ಕೆಲಸ ಮಾಡಲು ಆಗುತ್ತದೆಯೇ" ಎಂದು ಕೇಳುವ ಪಾಲಿಸಿ, ಕೆಲ ಕಾಲದ ನಂತರ "ಯಾವುದೇ ಕೆಲಸ ಮಾಡಲು ಆಗುತ್ತದೆಯೇ" ಎಂದು ಪ್ರಶ್ನೆ ಬದಲಿಸುವುದುಂಟು. ಪಾಲಿಸಿಯ ಸಣ್ಣಕ್ಷರ ಓದದೆ ಬಿಟ್ಟವರಿಗೆ ಹಣ ನಿಂತ ದಿನವೇ ಇದು ಗೊತ್ತಾಗುವುದು.

ಪ್ರಶ್ನೆ ಯಾವುದು ಎಂದು ಗೊತ್ತಾದರೆ ಅರ್ಧ ಕೆಲಸ ಆದಂತೆ. ಕೆಲಸ ಮಾಡಲಾಗದು ಎಂದು ಪುಟಗಟ್ಟಲೆ ಬರೆದರೂ ಪಿಪ್ ಫಾರಂನಲ್ಲಿ ಅದಕ್ಕೆ ಅಂಕ ಬರುವುದಿಲ್ಲ. ಕೂದಲು ತೊಳೆಯಲು ಪಡುವ ಪಾಡನ್ನು ಎಷ್ಟೇ ಚೆನ್ನಾಗಿ ವಿವರಿಸಿದರೂ ಶೇಕಡಾ ಲೆಕ್ಕ ಹಾಕುವ ಮಂಡಳಿ ಮೊದಲು ನೋಡುವುದು ಭುಜ ಎಷ್ಟು ಡಿಗ್ರಿ ಎತ್ತುತ್ತದೆ ಎಂದು.

ಒಂದು ಉತ್ತರವನ್ನು ಬಿಚ್ಚಿ ನೋಡೋಣ

ಸ್ನಾನದ ಬಗ್ಗೆ ಪ್ರಶ್ನೆ ಇದೆ ಎಂದುಕೊಳ್ಳಿ. ಬಹಳ ಜನ ಬರೆಯುವುದು ಹೀಗೆ:

"ತುಂಬಾ ನೋವು. ಸ್ನಾನ ಮಾಡುವುದೇ ಕಷ್ಟ. ಯಾರಿಗೂ ಅರ್ಥವಾಗುವುದಿಲ್ಲ. ಬದುಕೇ ಸಾಕಾಗಿದೆ."

ಪ್ರತಿ ಮಾತೂ ನಿಜ. ಆದರೆ ಓದುವವರಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಕಷ್ಟ ಎಂದರೆ ಆಗುತ್ತದೆ ಎಂದೇ ಅವರು ಗುರುತು ಹಾಕಿಕೊಳ್ಳುತ್ತಾರೆ. ಈಗ ಅದೇ ವ್ಯಕ್ತಿ ಹೀಗೆ ಬರೆದರೆ:

"ತಲೆಗೆ ಸ್ನಾನ ಮಾಡಲು ಎರಡೂ ಕೈ ಮೇಲೆತ್ತಿ ಹಿಡಿಯಬೇಕು. ಒಂದು ನಿಮಿಷ ಎತ್ತಿದರೆ ಭುಜದಿಂದ ಕುತ್ತಿಗೆವರೆಗೆ ಉರಿ ಶುರುವಾಗುತ್ತದೆ. ನಿಂತುಕೊಂಡು ಆಗುವುದಿಲ್ಲ, ಸ್ಟೂಲ್ ಮೇಲೆ ಕೂರುತ್ತೇನೆ. ಮಧ್ಯೆ ಮೂರು ನಾಲ್ಕು ಸಲ ಕೈ ಇಳಿಸಿ ಸುಧಾರಿಸಿಕೊಳ್ಳುತ್ತೇನೆ. ಮೊದಲು 10 ನಿಮಿಷದಲ್ಲಿ ಮುಗಿಯುತ್ತಿತ್ತು, ಈಗ ಅರ್ಧ ಗಂಟೆ ಬೇಕು. ಆಮೇಲೆ ಒಂದು ಗಂಟೆ ಮಲಗದೆ ಬೇರೇನೂ ಮಾಡಲು ಆಗುವುದಿಲ್ಲ. ಹಾಗಾಗಿ ವಾರಕ್ಕೆ ಒಂದೇ ಸಲ ತಲೆಗೆ ಸ್ನಾನ. ನೋವು ಜಾಸ್ತಿ ಇರುವ ವಾರ ಅಕ್ಕ ತೊಳೆದುಕೊಡುತ್ತಾಳೆ. ಕಳೆದ ತಿಂಗಳು ಹಾಗೆ ಎರಡು ಸಲ ಆಯಿತು."

ಇಲ್ಲಿ ನೋವು ಎಂಬ ಮಾತು ಒಂದೇ ಸಲ ಬಂದಿದೆ. ಅಳು ಇಲ್ಲ, ಬೇಡಿಕೆ ಇಲ್ಲ. ಆದರೂ ಓದಿದವರಿಗೆ ಆ ಬಚ್ಚಲುಮನೆ ಕಾಣುತ್ತದೆ. ಯಾವ ಅಂಗದ ಯಾವ ಚಲನೆ, ಎಷ್ಟು ಹೊತ್ತು, ಯಾವ ಸಾಧನ, ಯಾರ ಸಹಾಯ, ಎಷ್ಟು ಸಲ, ಆಮೇಲಿನ ಪರಿಣಾಮ ಏನು ಎಂಬುದೆಲ್ಲ ಸಿಕ್ಕಿತು.

ಬ್ರಿಟನ್ನಿನ ಪಿಪ್ ನಿಯಮದಲ್ಲಿ ಇದಕ್ಕೊಂದು ಒಳ್ಳೆಯ ಅಳತೆಗೋಲು ಇದೆ. ನೀವು ಯಾವ ದೇಶದಲ್ಲಿದ್ದರೂ ಬರೆಯುವಾಗ ಇಟ್ಟುಕೊಳ್ಳುವಂಥದ್ದು. ಒಂದು ಕೆಲಸ ಆಗುತ್ತದೆ ಎನ್ನಬೇಕಾದರೆ ಅದನ್ನು ಅಪಾಯವಿಲ್ಲದೆ ಮಾಡಲು ಆಗಬೇಕು, ಒಪ್ಪುವ ಮಟ್ಟದಲ್ಲಿ ಆಗಬೇಕು, ಬೇಕಾದಷ್ಟು ಸಲ ಮತ್ತೆ ಮಾಡಲು ಆಗಬೇಕು, ಸಮಂಜಸವಾದ ಸಮಯದಲ್ಲಿ ಮುಗಿಯಬೇಕು. ಸಮಂಜಸ ಎಂದರೆ, ಆ ತೊಂದರೆ ಇಲ್ಲದವರು ಹೆಚ್ಚೆಂದರೆ ತೆಗೆದುಕೊಳ್ಳುವ ಸಮಯದ ಎರಡು ಪಟ್ಟು ಮೀರಬಾರದು. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಕೆಲಸ ಆಗುತ್ತಿಲ್ಲ ಎಂದೇ ಲೆಕ್ಕ. ದೀರ್ಘಕಾಲದ ನೋವಿರುವವರು ಬಹುಪಾಲು ಕೆಲಸಗಳಲ್ಲಿ ಸೋಲುವುದು ಮೂರನೆಯದರಲ್ಲಿ. ಒಂದು ಸಲ ಆಗುತ್ತದೆ, ಎರಡನೇ ಸಲ ಆಗುವುದಿಲ್ಲ. ಫಾರಂ ಮಾತ್ರ ಒಂದು ಸಲದ ಬಗ್ಗೆ ಕೇಳಿದ ಹಾಗೆ ಕಾಣುತ್ತದೆ, ನಾವೂ ಪ್ರಾಮಾಣಿಕವಾಗಿ "ಆಗುತ್ತದೆ" ಎಂದು ಗೀಚಿಬಿಡುತ್ತೇವೆ.

ನಡಿಗೆಯೂ ಹಾಗೇ. ಪಿಪ್‌ನಲ್ಲಿ 20 ಮೀಟರ್, 50 ಮೀಟರ್, 200 ಮೀಟರ್ ಎಂದು ಗಡಿಗಳಿವೆ. "ಸ್ವಲ್ಪ ದೂರ ನಡೆಯುತ್ತೇನೆ" ಎಂದರೆ ಓದುವವರು ತಮಗೆ ತೋಚಿದ ಗಡಿಯಲ್ಲಿ ಕೂರಿಸುತ್ತಾರೆ. ಮೀಟರ್ ಅಂದಾಜು ಸಿಗದಿದ್ದರೆ ಹೆಜ್ಜೆ ಎಣಿಸಿ, ಇಲ್ಲವೇ ನಿಲ್ಲದೆ ಎಷ್ಟು ನಿಮಿಷ ನಡೆಯಬಲ್ಲಿರಿ ಎಂದು ನೋಡಿಕೊಳ್ಳಿ. ಎಲ್ಲಿ ಮೊದಲ ಸಲ ನಿಂತಿರಿ, ಎಷ್ಟು ಹೊತ್ತು ನಿಂತಿರಿ, ವಾಪಸ್ ಬರಲು ಆಯಿತೇ ಎಂಬುದನ್ನೂ ಬರೆಯಿರಿ. ಹೋದಷ್ಟು ದೂರ ಎಲ್ಲರೂ ಬರೆಯುತ್ತಾರೆ. ವಾಪಸ್ ಬಂದದ್ದು ಹೇಗೆ ಎಂದು ಬರೆಯುವವರು ಕಡಿಮೆ.

ಚೆನ್ನಾಗಿರುವ ದಿನದ ಸಮಸ್ಯೆ

ನೋವು ದಿನಕ್ಕೊಂದು ಬಗೆ. ಸೋಮವಾರ ಹೇಗೋ ಎದ್ದು ಓಡಾಡಿದವರು ಮಂಗಳವಾರ ಹಾಸಿಗೆ ಬಿಡುವುದಿಲ್ಲ. ಫಾರಂಗೆ ಈ ಏರಿಳಿತ ಅರ್ಥವಾಗುವುದಿಲ್ಲ. ಅದಕ್ಕೆ ಹೌದು ಅಥವಾ ಇಲ್ಲ ಬೇಕು.

ಕೆಲವರು ಕೆಟ್ಟ ದಿನವನ್ನೇ ಪ್ರತಿದಿನ ಎಂಬಂತೆ ಬರೆಯುತ್ತಾರೆ. ಇದು ಕೈಕೊಡುತ್ತದೆ. "ಮನೆಯಿಂದ ಹೊರಗೇ ಹೋಗುವುದಿಲ್ಲ" ಎಂದು ಬರೆದವರ ಮದುವೆ ಮನೆಯ ಫೋಟೊ ಒಂದು ಸಿಕ್ಕರೆ ಸಾಕು, ನಿಜವಾಗಿದ್ದ ಉಳಿದ ಹತ್ತು ಮಾತೂ ಅನುಮಾನಕ್ಕೆ ಬೀಳುತ್ತವೆ. ಇನ್ನು ಕೆಲವರು ಒಳ್ಳೆಯ ದಿನ ನೋಡಿ ಫಾರಂ ತುಂಬುತ್ತಾರೆ. ಕೆಟ್ಟ ದಿನ ಪೆನ್ನು ಹಿಡಿಯಲೂ ಆಗುವುದಿಲ್ಲ ಅಲ್ವಾ! ಹಾಗಾಗಿ ಅರಿವಿಲ್ಲದೆಯೇ ಒಳ್ಳೆಯ ದಿನದ ಕಣ್ಣಿನಲ್ಲಿ ಎಲ್ಲವೂ ಬರೆಯಲ್ಪಡುತ್ತದೆ. ನನ್ನ ಮಟ್ಟಿಗೆ ಎರಡನೆಯ ತಪ್ಪೇ ಜಾಸ್ತಿ ಅಪಾಯಕಾರಿ, ಏಕೆಂದರೆ ಅದು ಪ್ರಾಮಾಣಿಕತೆಯ ವೇಷದಲ್ಲಿ ಬರುತ್ತದೆ.

ಸರಿಯಾದ ದಾರಿ ಎಣಿಕೆ. "ವಾರದಲ್ಲಿ ಎರಡು ದಿನ ಇದು ಆಗುತ್ತದೆ, ಐದು ದಿನ ಆಗುವುದಿಲ್ಲ. ಆಗುವ ದಿನವೂ ಹೀಗೆ ಮಾಡಬೇಕು." ಪಿಪ್ ನಿಯಮದ ಪ್ರಕಾರ ಅರ್ಧಕ್ಕಿಂತ ಹೆಚ್ಚು ದಿನಗಳಲ್ಲಿ ಇರುವ ಸ್ಥಿತಿಯೇ ನಿಮ್ಮ ಸ್ಥಿತಿ. ಬೇರೆ ಕಡೆ ಇಷ್ಟು ಸ್ಪಷ್ಟ ಗೆರೆ ಇಲ್ಲದಿದ್ದರೂ ಎಣಿಕೆಯ ಮಾತು ತೂಗುತ್ತದೆ.

ಎಣಿಕೆಗೆ ಒಂದು ಡೈರಿ ಇಡಿ. ದೊಡ್ಡ ಕಥೆ ಬೇಡ. ಬೆಳಗ್ಗೆ ಏಳಲು ಎಷ್ಟು ಹೊತ್ತು ಹಿಡಿಯಿತು, ಏನು ಮಾಡಿದೆ, ಏನು ಬಿಟ್ಟೆ, ಯಾವ ಮಾತ್ರೆ, ರಾತ್ರಿ ಎಷ್ಟು ನಿದ್ದೆ. ದಿನಕ್ಕೆ ಮೂರು ಸಾಲು. ನೋವಿಗೆ ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುವುದಾದರೆ ಯೋಚಿಸಿ ಕೊಡಿ. ಪ್ರತಿದಿನ ಹತ್ತಕ್ಕೆ ಹತ್ತು ಎಂದು ಬರೆದು, ಡಾಕ್ಟರ ಮುಂದೆ ಕೂತು ಶಾಂತವಾಗಿ ಮಾತಾಡಿದರೆ ಆ ಅಂಕಕ್ಕೆ ಬೆಲೆ ಉಳಿಯುವುದಿಲ್ಲ. ಡೈರಿ ಅರ್ಜಿಯ ಹಿಂದಿನ ವಾರ ಶುರುವಾಗಿದ್ದಕ್ಕಿಂತ ತಿಂಗಳುಗಳ ಹಿಂದೆ ಶುರುವಾಗಿದ್ದರೆ ಒಳ್ಳೆಯದು, ಅದನ್ನು ಬಿಡಿಸಿ ಹೇಳಬೇಕಿಲ್ಲ.

"ಪರವಾಗಿಲ್ಲ ಡಾಕ್ಟ್ರೇ"

ಅರ್ಜಿಯನ್ನು ಕೆಡಿಸುವ ಮಾತುಗಳಲ್ಲಿ ಇದಕ್ಕೆ ಮೊದಲ ಸ್ಥಾನ ಕೊಡಬಹುದು.

ಡಾಕ್ಟರು ತಲೆಯೆತ್ತಿ "ಹೇಗಿದ್ದೀರಿ?" ಎನ್ನುತ್ತಾರೆ. ಹೊರಗೆ ಇನ್ನೂ ಇಪ್ಪತ್ತು ಜನ ಕಾಯುತ್ತಿದ್ದಾರೆ. ಗೊಣಗುವವರು ಅನಿಸಿಕೊಳ್ಳುವುದು ಯಾರಿಗೂ ಬೇಡ. "ಪರವಾಗಿಲ್ಲ ಡಾಕ್ಟ್ರೇ, ನಡೀತಿದೆ" ಎಂದು ನಗುತ್ತೇವೆ. ಅವರು ಕಂಪ್ಯೂಟರಿನಲ್ಲಿ ರೋಗಿ ಸ್ಥಿರವಾಗಿದ್ದಾರೆ, ಅದೇ ಔಷಧ ಮುಂದುವರಿಸಿ ಎಂದು ಹೊಡೆಯುತ್ತಾರೆ. ಎರಡು ವರ್ಷದ ನಂತರ ಅರ್ಜಿ ಪರಿಶೀಲಿಸುವವರ ಕೈಗೆ ಹೋಗುವುದು ಆ ಸಾಲು. ಒಂದು ಕಡೆ ಫಾರಂನಲ್ಲಿ ಏಳಲೂ ಆಗುವುದಿಲ್ಲ ಎಂದಿದೆ. ಇನ್ನೊಂದು ಕಡೆ ಸಾಲಾಗಿ ಆರು ಭೇಟಿಗಳಲ್ಲಿ ಸ್ಥಿರ, ಸ್ಥಿರ, ಸ್ಥಿರ. ಸ್ಥಿರ ಎಂದರೆ ಹಾಗೇ ಕೆಟ್ಟದಾಗಿದೆ ಎಂದೂ ಆಗಬಹುದು. ಆದರೆ ಓದುವವರು ಹಾಗೆ ಓದುವುದಿಲ್ಲ.

ಆದ್ದರಿಂದ ಭೇಟಿಗೆ ಹೋಗುವಾಗ ಒಂದು ಚೀಟಿ ಇಟ್ಟುಕೊಳ್ಳಿ. ಹಿಂದಿನ ಸಲಕ್ಕೂ ಈ ಸಲಕ್ಕೂ ಏನು ಬದಲಾಯಿತು, ಯಾವ ಕೆಲಸ ಕೈಬಿಟ್ಟಿರಿ, ಮಾತ್ರೆಯಿಂದ ಏನು ತೊಂದರೆ. ಎರಡು ನಿಮಿಷದಲ್ಲಿ ಓದಿ ಮುಗಿಯುವಷ್ಟು. ಮಾತ್ರೆಯ ಅಡ್ಡಪರಿಣಾಮವನ್ನು ಬಹಳ ಜನ ಹೇಳುವುದೇ ಇಲ್ಲ. ನರದ ನೋವಿಗೆ ಕೊಡುವ ಕೆಲವು ಔಷಧಗಳು ಮಂಪರು ತರಿಸುತ್ತವೆ, ತಲೆ ಮಂಕಾಗುತ್ತದೆ, ಮಾತಿನ ಮಧ್ಯೆ ಪದ ಸಿಗುವುದಿಲ್ಲ. ನೋವು ಅರ್ಧ ಕಡಿಮೆಯಾದರೂ ಮಧ್ಯಾಹ್ನದವರೆಗೆ ಕಣ್ಣು ಬಿಡಲು ಆಗದಿದ್ದರೆ, ಅದೂ ಕೆಲಸದ ಸಾಮರ್ಥ್ಯದ ಲೆಕ್ಕಕ್ಕೆ ಸೇರುತ್ತದೆ.

ಡಾಕ್ಟರ ಪತ್ರದ ಬಗ್ಗೆಯೂ ಒಂದು ತಪ್ಪು ನಂಬಿಕೆ ಇದೆ. "ಇವರು ಕೆಲಸ ಮಾಡಲು ಅಸಮರ್ಥರು" ಎಂದು ದೊಡ್ಡ ಡಾಕ್ಟರು ಸಹಿ ಹಾಕಿಕೊಟ್ಟರೆ ಮುಗಿಯಿತು ಎಂದುಕೊಳ್ಳುತ್ತಾರೆ. ಅಮೆರಿಕದಲ್ಲಿ 2017ರ ಮಾರ್ಚ್ ನಂತರದ ಅರ್ಜಿಗಳಿಗೆ ಅಂಥ ವಾಕ್ಯಕ್ಕೆ ಬೆಲೆಯೇ ಇಲ್ಲ ಎಂದು ನಿಯಮವೇ ಹೇಳುತ್ತದೆ. ಆ ತೀರ್ಮಾನ ಮಾಡುವುದು ಇಲಾಖೆಯ ಕೆಲಸವಂತೆ! ಬೆಲೆ ಇರುವುದು ವಿವರಕ್ಕೆ: ಒಂದೇ ಸಲಕ್ಕೆ ಎಷ್ಟು ನಿಮಿಷ ಕೂರಬಲ್ಲರು, ಎಷ್ಟು ಭಾರ ಎತ್ತಬಲ್ಲರು, ದಿನದಲ್ಲಿ ಎಷ್ಟು ಸಲ ಮಲಗಬೇಕಾಗುತ್ತದೆ, ತಿಂಗಳಲ್ಲಿ ಎಷ್ಟು ದಿನ ಕೆಲಸ ತಪ್ಪಬಹುದು, ಈ ಅಭಿಪ್ರಾಯಕ್ಕೆ ಆಧಾರವಾದ ಪರೀಕ್ಷೆ ಯಾವುದು. ಡಾಕ್ಟರಿಗೆ ಇದನ್ನೆಲ್ಲ ತಾವೇ ಯೋಚಿಸಿ ಬರೆಯಲು ಸಮಯ ಇರುವುದಿಲ್ಲ. ಪ್ರಶ್ನೆಗಳನ್ನು ನೀವೇ ಬರೆದು ತೆಗೆದುಕೊಂಡು ಹೋದರೆ ಹೆಚ್ಚಿನವರು ಬೇಸರ ಪಡುವುದಿಲ್ಲ. ಫಿಸಿಯೊಥೆರಪಿಸ್ಟ್ ಬರೆದ ಪುಟವನ್ನೂ ಕಡೆಗಣಿಸಬೇಡಿ. ಎಷ್ಟು ಬಗ್ಗಲು ಆಯಿತು, ಎಷ್ಟು ಹೆಜ್ಜೆಗೆ ನಿಲ್ಲಬೇಕಾಯಿತು ಎಂದು ಅಳೆದು ಬರೆಯುವವರು ಅವರೇ.

ಚಿಕಿತ್ಸೆಯಲ್ಲಿ ಬಿಡುವು ಇದ್ದರೆ ಕಾರಣ ಬರೆಯಿರಿ. ದುಡ್ಡಿರಲಿಲ್ಲ, ಔಷಧ ಆಗಿಬರಲಿಲ್ಲ, ಆಸ್ಪತ್ರೆಗೆ ಹೋಗುವ ಪ್ರಯಾಣವೇ ಮೂರು ದಿನ ಮಲಗಿಸುತ್ತಿತ್ತು, "ಇನ್ನು ಮಾಡುವುದಕ್ಕೇನಿಲ್ಲ" ಎಂದು ಅವರೇ ಕಳಿಸಿಬಿಟ್ಟರು. ಕಾರಣ ಇಲ್ಲದ ಖಾಲಿ ಜಾಗ ಕಂಡರೆ ಓದುವವರು "ಅಷ್ಟೇನೂ ನೋವಿರಲಿಕ್ಕಿಲ್ಲ" ಎಂದು ತುಂಬಿಕೊಳ್ಳುತ್ತಾರೆ.

ಮನಸ್ಸಿನ ಮಾತು ಬಂದಾಗ ಹಲವರು ಹಿಂಜರಿಯುತ್ತಾರೆ. ಖಿನ್ನತೆ ಇದೆ ಎಂದು ಹೇಳಿಕೊಂಡರೆ "ಎಲ್ಲ ಮನಸ್ಸಿನ ಕಲ್ಪನೆ" ಎಂದು ತಳ್ಳಿಹಾಕುತ್ತಾರೋ ಎಂಬ ಭಯ. ಭಯಕ್ಕೆ ಕಾರಣ ಇಲ್ಲದೆ ಇಲ್ಲ. ಆದರೆ ವರ್ಷಗಟ್ಟಲೆ ನೋವಿನ ಜೊತೆ ಖಿನ್ನತೆ, ಆತಂಕ, ನಿದ್ದೆಗೇಡು ಬರುವುದು ಸಾಮಾನ್ಯ. ಅಂಗವಿಕಲತೆಯ ಲೆಕ್ಕದಲ್ಲಿ ಎಲ್ಲ ತೊಂದರೆಗಳ ಒಟ್ಟು ಪರಿಣಾಮ ನೋಡುವ ವ್ಯವಸ್ಥೆಗಳೂ ಇವೆ. ಚಿಕಿತ್ಸೆ ಪಡೆಯುತ್ತಿದ್ದರೆ ಅದನ್ನು ಬರೆಯಿರಿ, ನೋವಿನ ಬದಲಿಗೆ ಅಲ್ಲ, ನೋವಿನ ಜೊತೆಗೆ.

ತಪಾಸಣೆಯ ದಿನ

ಎದುರಿಗೆ ಕೂತ ವೈದ್ಯರೋ ಪರಿಶೀಲಕರೋ ಕೇಳಿದ ಪ್ರಶ್ನೆಗೆ ಕೊಟ್ಟ ಉತ್ತರವಷ್ಟೇ ವರದಿಗೆ ಹೋಗುತ್ತದೆ ಎಂದುಕೊಳ್ಳಬೇಡಿ. ಕುರ್ಚಿಯಿಂದ ಹೇಗೆ ಎದ್ದಿರಿ, ಬ್ಯಾಗು ಯಾವ ಕೈಯಲ್ಲಿತ್ತು, ಎಷ್ಟು ಹೊತ್ತು ಅಲುಗಾಡದೆ ಕೂತಿರಿ, ಎಲ್ಲವೂ ಗಮನಕ್ಕೆ ಬರುತ್ತದೆ. "40 ನಿಮಿಷ ಆರಾಮವಾಗಿ ಕೂತಿದ್ದರು" ಎಂಬ ಸಾಲು ವರದಿಗಳಲ್ಲಿ ಬರುವುದುಂಟು. ಹಲ್ಲುಕಚ್ಚಿ ಕೂತವರು ಹೊರಗಿನಿಂದ ಆರಾಮವಾಗಿ ಕೂತವರ ಹಾಗೇ ಕಾಣುತ್ತಾರೆ. ನೋವಾದರೆ ಏಳಿ, ಭಂಗಿ ಬದಲಿಸಿ, "ಇನ್ನು ಕೂರಲು ಆಗುತ್ತಿಲ್ಲ" ಎಂದು ಬಾಯಿಬಿಟ್ಟು ಹೇಳಿ. ಇಲ್ಲಿಗೆ ಬರಲು ಮಾತ್ರೆ ಹೆಚ್ಚಿಗೆ ತೆಗೆದುಕೊಂಡಿದ್ದರೆ, ಯಾರೋ ಗಾಡಿಯಲ್ಲಿ ಕರೆತಂದಿದ್ದರೆ, ನಾಳೆ ಇದಕ್ಕೆ ಬೆಲೆ ತೆರಬೇಕಾಗಿದ್ದರೆ ಅದನ್ನೂ ಹೇಳಿ. ಹಾಗೆಂದು ನಾಟಕ ಬೇಡ. ಇಲ್ಲದ ಕುಂಟು ತರಬೇಡಿ. ಪ್ರತಿದಿನ ಕೋಲು ಹಿಡಿಯದವರು ಆ ದಿನ ಮಾತ್ರ ಹಿಡಿದರೆ, ಅನುಭವ ಇರುವ ಕಣ್ಣಿಗೆ ಗೊತ್ತಾಗುತ್ತದೆ.

ಬೆನ್ನುನೋವಿಗೆ ಮಾಡುವ ಕೆಲವು ಪರೀಕ್ಷೆಗಳು ವಿಚಿತ್ರ ಅನಿಸಬಹುದು. ತಲೆಯ ಮೇಲೆ ಮೆಲ್ಲಗೆ ಒತ್ತಿ ಸೊಂಟ ನೋಯಿತೇ ಎಂದು ಕೇಳುತ್ತಾರೆ. ಕೂತಾಗ ಕಾಲು ಎತ್ತಿಸಿ, ಮಲಗಿದಾಗ ಎತ್ತಿಸಿ ಹೋಲಿಸುತ್ತಾರೆ. ಇವು 1980ರಲ್ಲಿ ಗಾರ್ಡನ್ ವ್ಯಾಡೆಲ್ ಎಂಬ ಮೂಳೆ ಶಸ್ತ್ರಚಿಕಿತ್ಸಕರು ತಮ್ಮ ಸಂಗಡಿಗರ ಜೊತೆ ವಿವರಿಸಿದ ಲಕ್ಷಣಗಳು. ಬರೀ ಮೂಳೆ ನರ ನೋಡಿದರೆ ಸಾಲದ, ಮನಸ್ಸು ಮತ್ತು ಸಂದರ್ಭವನ್ನೂ ಗಮನಿಸಬೇಕಾದ ರೋಗಿಗಳನ್ನು ಗುರುತಿಸಲು ಮಾಡಿದ್ದು. ಸುಳ್ಳುಗಾರರನ್ನು ಹಿಡಿಯಲು ಮಾಡಿದ್ದಲ್ಲ. ಆದರೂ ಹಾಗೆ ಬಳಸಿದ ವರದಿಗಳು ಬರುತ್ತವೆ. ನಿಮ್ಮ ವರದಿಯಲ್ಲಿ ವ್ಯಾಡೆಲ್ ಹೆಸರಿದ್ದು, ಅದರ ಆಧಾರದ ಮೇಲೆ ನಟನೆ ಎಂದು ಸೂಚಿಸಿದ್ದರೆ, ಮೇಲ್ಮನವಿಯಲ್ಲಿ ಎತ್ತಿ ತೋರಿಸಬೇಕಾದ ಅಂಶ ಅದು.

ತಿರಸ್ಕಾರ ಬಂದಾಗ

ಬರಬಹುದು. ಅಮೆರಿಕದಲ್ಲಿ ಮೊದಲ ಹಂತದಲ್ಲೇ ಅರ್ಧಕ್ಕಿಂತ ಹೆಚ್ಚು ಅರ್ಜಿಗಳು ವಾಪಸಾಗುತ್ತವೆ. ಬ್ರಿಟನ್ನಿನಲ್ಲಿ ನ್ಯಾಯಮಂಡಳಿಯವರೆಗೆ ಹೋದ ಪಿಪ್ ಪ್ರಕರಣಗಳಲ್ಲಿ ಹಲವು ವರ್ಷಗಳಿಂದ ಅರ್ಧಕ್ಕಿಂತ ಹೆಚ್ಚು ಅರ್ಜಿದಾರರ ಪರವಾಗಿ ಆಗಿವೆ. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಮೊದಲ "ಇಲ್ಲ" ಎಂಬುದಕ್ಕೆ ಎಷ್ಟು ತೂಕ ಕೊಡಬೇಕು ಎಂದು ಗೊತ್ತಾಗುತ್ತದೆ.

ಗಡುವು ಮಾತ್ರ ಕಠಿಣ. ಅಮೆರಿಕದಲ್ಲಿ ಪ್ರತಿ ಹಂತಕ್ಕೂ 60 ದಿನ. ಬ್ರಿಟನ್ನಿನಲ್ಲಿ ಮೊದಲು ಮರುಪರಿಶೀಲನೆ ಕೇಳಬೇಕು, ಸಾಮಾನ್ಯವಾಗಿ ಒಂದು ತಿಂಗಳೊಳಗೆ. ಭಾರತದಲ್ಲಿ ಪ್ರಮಾಣಪತ್ರದ ತೀರ್ಮಾನ ಒಪ್ಪಿಗೆಯಾಗದಿದ್ದರೆ, ರಾಜ್ಯ ಸರ್ಕಾರ ನೇಮಿಸಿದ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಲು 2016ರ ಕಾಯ್ದೆಯ 59ನೇ ಸೆಕ್ಷನ್ ದಾರಿ ಕೊಡುತ್ತದೆ. ಬೇಜಾರಿನಲ್ಲಿ ಕವರ್ ಒಡೆಯದೆ ಕಪಾಟಿನಲ್ಲಿ ಇಟ್ಟರೆ ದಿನಗಳು ಅಲ್ಲೇ ಕಳೆದುಹೋಗುತ್ತವೆ. ಹೊಸದಾಗಿ ಅರ್ಜಿ ಹಾಕುವುದಕ್ಕಿಂತ ಮೇಲ್ಮನವಿಯೇ ಬಹಳ ಸಲ ಲಾಭ, ಏಕೆಂದರೆ ಗೆದ್ದರೆ ಹಳೆಯ ದಿನಾಂಕದಿಂದ ಹಣ ಬರುವ ಸಾಧ್ಯತೆ ಇರುತ್ತದೆ.

ಮೇಲ್ಮನವಿ ಬರೆಯುವ ಮೊದಲು ನಿಮ್ಮ ಬಗ್ಗೆ ಬರೆದ ತಪಾಸಣಾ ವರದಿಯ ಪ್ರತಿ ತರಿಸಿಕೊಳ್ಳಿ. ತಿರಸ್ಕಾರದ ಪತ್ರಕ್ಕೆ ಉತ್ತರ ಬರೆಯುವುದು ಸಾಲದು, ಆ ವರದಿಗೆ ಉತ್ತರ ಬರೆಯಬೇಕು. ಅದು ಹೇಳಿದ್ದು ಏನು, ನಿಜ ಏನು, ನಿಜಕ್ಕೆ ಆಧಾರ ಯಾವ ಕಾಗದದ ಯಾವ ಪುಟ. "ನನಗೆ ಅನ್ಯಾಯವಾಗಿದೆ" ಎಂದು ಒಂದು ಪುಟ ಬರೆಯುವುದಕ್ಕಿಂತ, "ವರದಿ ನಾನು 200 ಮೀಟರ್ ನಡೆಯುತ್ತೇನೆ ಎನ್ನುತ್ತದೆ, ಫಿಸಿಯೊಥೆರಪಿಸ್ಟ್ ದಾಖಲೆಯಲ್ಲಿ 30 ಮೀಟರಿಗೆ ನಿಲ್ಲಬೇಕಾಯಿತು ಎಂದಿದೆ" ಎಂಬ ಒಂದು ಸಾಲಿಗೆ ಬಲ ಜಾಸ್ತಿ.

ಈ ಕೆಲಸವೇ ಮೈ ಮುರಿಯುತ್ತದೆ ಎಂಬುದನ್ನು ಫಾರಂ ಮಾಡಿದವರು ಯೋಚಿಸಿದ ಹಾಗಿಲ್ಲ. ಕೂರಲು ಆಗದವರಿಗೆ ಹತ್ತಾರು ಪುಟ ಕೂತು ಬರೆಯಿರಿ ಎನ್ನುತ್ತಾರೆ. ಒಂದೇ ದಿನ ಮುಗಿಸಲು ಹೋಗಬೇಡಿ, ದಿನಕ್ಕೆ ಒಂದು ಪ್ರಶ್ನೆ ಸಾಕು. ನೀವು ಮಲಗಿ ಹೇಳಿ, ಬೇರೆಯವರು ಬರೆದುಕೊಳ್ಳಲಿ. ಫೋನಿನಲ್ಲಿ ರೆಕಾರ್ಡ್ ಮಾಡಿ ಆಮೇಲೆ ಬರೆಸಬಹುದು. ಸಮಯ ಸಾಲದಿದ್ದರೆ ಗಡುವು ಮುಗಿಯುವ ಮುಂಚೆಯೇ ವಿಸ್ತರಣೆ ಕೇಳಿ. ತಪಾಸಣೆಗೆ ಹೋಗಲು ಆಗದಿದ್ದರೆ ಫೋನಿನಲ್ಲೋ ಮನೆಯಲ್ಲೋ ಮಾಡಲು ಸಾಧ್ಯವೇ ಎಂದು ವಿಚಾರಿಸಿ. ಕಳಿಸುವ ಪ್ರತಿ ಕಾಗದದ ನಕಲು, ಕಳಿಸಿದ ದಿನಾಂಕದ ಜೊತೆ, ನಿಮ್ಮ ಬಳಿ ಇರಲಿ.

ಸಿಕ್ಕ ಮೇಲೂ ಆ ನಕಲು ಎಸೆಯಬೇಡಿ. ಹೆಚ್ಚಿನ ಸೌಲಭ್ಯಗಳಿಗೆ ಅವಧಿ ಇರುತ್ತದೆ ಅಥವಾ ಮರುಪರಿಶೀಲನೆ ಬರುತ್ತದೆ. ಭಾರತದಲ್ಲಿ ತಾತ್ಕಾಲಿಕ ಪ್ರಮಾಣಪತ್ರಕ್ಕೂ ಕೊನೆಯ ದಿನ ಇದೆ. ಮರುಪರಿಶೀಲನೆಯ ಫಾರಂನಲ್ಲಿ ಸುಮ್ನೆ "ಬದಲಾವಣೆ ಇಲ್ಲ" ಎಂದು ಬರೆದು ಕಳಿಸಿದವರು ಆಮೇಲೆ ಒದ್ದಾಡಿದ್ದುಂಟು, ಏಕೆಂದರೆ ಅದನ್ನು ಓದುವ ಹೊಸ ಅಧಿಕಾರಿ ಹಳೆಯ ಫಾರಂ ತೆರೆದು ನೋಡುತ್ತಾರೆ ಎಂಬ ಭರವಸೆ ಇಲ್ಲ. ಹಳೆಯ ಉತ್ತರವನ್ನು ಮುಂದಿಟ್ಟುಕೊಂಡು, ಈಗಿನ ನಿಮಿಷ, ಈಗಿನ ಮೀಟರ್, ಈಗಿನ ಸಹಾಯ ಹಾಕಿ ಪೂರ್ತಿ ಮತ್ತೆ ಬರೆಯಿರಿ. ಸ್ಥಿತಿ ಸುಧಾರಿಸಿದ್ದರೆ ಅದನ್ನೂ ತಿಳಿಸಲೇಬೇಕು. ಮುಚ್ಚಿಟ್ಟು ಪಡೆದ ಹಣವನ್ನು ಆಮೇಲೆ ವಾಪಸ್ ಕೇಳುತ್ತಾರೆ.